ತುಂಬಿದ ಕಣಜ, ಬರಿದಾದ ಮನೆ

ವಿಶ್ವದ ಮಾರುಕಟ್ಟೆಗಳಲ್ಲಿ ತುಸು ಏರುಪೇರಾದರೂ ಸಾಕು, ‘ಆರ್ಥಿಕ ಹಿಂಜರಿತ’ ಎಂಬ ಮಾತು ಪತ್ರಿಕೆಗಳ ಮುಖಪುಟವನ್ನೇರುತ್ತದೆ. ಮಗನೋ ಅಳಿಯನೋ ಗಲ್ಫ್ ರಾಷ್ಟ್ರಗಳಲ್ಲಿ ದುಡಿಯುತ್ತಿರುವ ಕರಾವಳಿಯ ಕಥೋಲಿಕ ಕುಟುಂಬಗಳಲ್ಲಿ ಆ ಮಾತು ಆತಂಕ ಹುಟ್ಟಿಸುವುದು ಸಹಜ. ಆದರೆ ಹಿಂಜರಿತಗಳೆಲ್ಲವೂ ಒಂದೇ ಬಗೆಯವಲ್ಲ. ಒಂದಕ್ಕೆ ಫಲಿಸಿದ ಮದ್ದು ಮತ್ತೊಂದಕ್ಕೆ ಫಲಿಸದು. ಆದುದರಿಂದ ನಮ್ಮ ಕಾಲದ ಮಹಾಕುಸಿತವನ್ನು ಹಿಂದಿನ ಕುಸಿತಗಳೊಡನೆ ಇಟ್ಟು ತೂಗಿ ನೋಡುವುದು ಅವಶ್ಯ.

ಸತತ ಎರಡು ತ್ರೈಮಾಸಿಕ ಅವಧಿಗಳಲ್ಲಿ ದೇಶದ ಒಟ್ಟು ಉತ್ಪನ್ನ ಕುಗ್ಗಿದರೆ ಅದನ್ನು ಹಿಂಜರಿತವೆಂದು ಕರೆಯುವುದು ವಾಡಿಕೆ. ಹಳೆಯ ಕಾಲದ ಮಟ್ಟಿಗೆ ವಾರ್ಷಿಕ ಲೆಕ್ಕವನ್ನೇ ಆಧರಿಸಬೇಕಾಗುತ್ತದೆ. ಆ ಲೆಕ್ಕದಂತೆ ಸ್ವತಂತ್ರ ಭಾರತದ ಉತ್ಪನ್ನ ಹಿಂದಿನ ವರ್ಷಕ್ಕಿಂತ ಕೆಳಗಿಳಿದುದು ಐದು ಬಾರಿ: 1957-58, 1965-66, 1972-73, 1979-80 ಮತ್ತು 2020-21. ಮೊದಲ ನಾಲ್ಕು ಒಂದೇ ಕುಟುಂಬಕ್ಕೆ ಸೇರಿದವು. ಐದನೆಯದು ಬೇರೆಯೇ ಜಾತಿಯದು.

ಮೊದಲ ನಾಲ್ಕರ ಮೂಲ ಆಕಾಶದಲ್ಲಿತ್ತು. ಐವತ್ತರ ದಶಕದಲ್ಲಿ ರಾಷ್ಟ್ರೀಯ ಆದಾಯದ ಸುಮಾರು ಅರ್ಧದಷ್ಟು ಬೇಸಾಯದಿಂದಲೇ ಬರುತ್ತಿತ್ತು. ಮಳೆ ಕೈಕೊಟ್ಟರೆ ಬೆಳೆ ಹೋಯಿತು. ಬೆಳೆ ಹೋದರೆ ಧಾನ್ಯದ ಬೆಲೆ ಏರಿತು. ಧಾನ್ಯವನ್ನು ಹೊರಗಿನಿಂದ ತರಿಸಿದರೆ ವಿದೇಶಿ ವಿನಿಮಯ ಕರಗಿತು. ಅದು ಕರಗಿದಾಗ ಸಾಲಕ್ಕಾಗಿ ಕೈಯೊಡ್ಡಬೇಕಾಯಿತು. ಈ ಸರಪಳಿಯ ಅತ್ಯಂತ ಕಠೋರ ರೂಪ ಕಂಡುದು 1965-66ರಲ್ಲಿ. ಪಾಕಿಸ್ತಾನದೊಡನೆ ಯುದ್ಧ ನಡೆದ ವರ್ಷವೇ ಬರ ಬಂದಿತು. ಹಿಂದಿನ ವರ್ಷ 8.9 ಕೋಟಿ ಟನ್ ಇದ್ದ ಆಹಾರಧಾನ್ಯದ ಉತ್ಪಾದನೆ 7.2 ಕೋಟಿ ಟನ್‌ಗೆ ಇಳಿಯಿತು. ಅಮೆರಿಕದ ಗೋಧಿಯ ಹಡಗುಗಳಿಗಾಗಿ ದೇಶ ಕಾದು ನಿಂತಿತು. ವಾರಕ್ಕೊಂದು ಹೊತ್ತಿನ ಊಟ ಬಿಡಿರೆಂದು ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಯವರು ಜನರನ್ನು ಕೇಳಿಕೊಂಡುದನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. 1966ರ ಜೂನ್‌ನಲ್ಲಿ ರೂಪಾಯಿಯ ಬೆಲೆಯನ್ನು ಡಾಲರಿಗೆ 4.76ರಿಂದ 7.50ಕ್ಕೆ ಇಳಿಸಬೇಕಾಯಿತು. 1979-80ರಲ್ಲಿ ಬರದ ಜೊತೆಗೆ ಇರಾನಿನ ಕ್ರಾಂತಿಯಿಂದೇರಿದ ತೈಲದ ಬೆಲೆಯೂ ಸೇರಿ ಉತ್ಪನ್ನ ಶೇಕಡಾ 5.2ರಷ್ಟು ಕುಸಿಯಿತು.

ಆದರೆ ಆ ಪೆಟ್ಟುಗಳು ವ್ಯರ್ಥವಾಗಲಿಲ್ಲ ಎಂಬುದನ್ನೂ ಹೇಳಲೇಬೇಕು. 1965ರಲ್ಲಿಯೇ ಭಾರತ ಆಹಾರ ನಿಗಮ ಸ್ಥಾಪನೆಯಾಯಿತು. ಮರುವರ್ಷ ಮೆಕ್ಸಿಕೋದಿಂದ 18,000 ಟನ್ ಹೊಸ ತಳಿಯ ಗೋಧಿ ಬೀಜ ಬಂದಿತು. 1972ರ ಭೀಕರ ಬರದಲ್ಲಿ ಮಹಾರಾಷ್ಟ್ರ ಆರಂಭಿಸಿದ ಉದ್ಯೋಗ ಖಾತರಿ ಯೋಜನೆ 2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಗೆ ದಾರಿ ತೋರಿತು. ಒಂದು ಸಂಕಟ ಕಲಿಸಿದ ಪಾಠ ಮುಂದಿನ ಸಂಕಟಕ್ಕೆ ಕವಚವಾಯಿತು.

ಈ ಸಾಲಿಗೆ 1991ನ್ನೂ ಸೇರಿಸಬೇಕು. ಆ ವರ್ಷ ಉತ್ಪನ್ನ ಕುಗ್ಗಲಿಲ್ಲ, ಬೆಳವಣಿಗೆ ಶೇಕಡಾ 1ರ ಆಸುಪಾಸಿಗೆ ಇಳಿಯಿತು, ಅಷ್ಟೇ. ಆದರೆ ನಮ್ಮ ಕರಾವಳಿಗೆ ಅದರ ಬಿಸಿ ನೇರವಾಗಿ ತಟ್ಟಿತು. 1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿದ ತರುವಾಯ ಸುಮಾರು 1.7 ಲಕ್ಷ ಭಾರತೀಯರನ್ನು ವಿಮಾನಗಳಲ್ಲಿ ಕರೆತರಲಾಯಿತು. ವರ್ಷಗಳ ದುಡಿಮೆಯನ್ನು ಅಲ್ಲಿಯೇ ಬಿಟ್ಟು ಉಟ್ಟ ಬಟ್ಟೆಯಲ್ಲಿ ಮರಳಿದವರು ಅವರಲ್ಲಿ ಅದೆಷ್ಟೋ ಮಂದಿ. ಅತ್ತ ತೈಲ ದುಬಾರಿಯಾಯಿತು, ಇತ್ತ ಅನಿವಾಸಿಗಳ ಹಣ ಹರಿದುಹೋಯಿತು. ಎರಡು ವಾರಗಳ ಆಮದಿಗೂ ಸಾಲುವಷ್ಟು ಡಾಲರ್ ಉಳಿದಿದೆಯೇ ಎಂಬ ಸ್ಥಿತಿ ಬಂದಾಗ, 1991ರ ಜುಲೈಯಲ್ಲಿ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ಇಂಗ್ಲೆಂಡ್ ಮತ್ತು ಜಪಾನಿನ ಬ್ಯಾಂಕುಗಳಲ್ಲಿ ಅಡವಿಟ್ಟಿತು. ಆ ಅವಮಾನವೂ ಪಾಠವಾಯಿತು. ದೇಶ ಡಾಲರ್ ಕೂಡಿಡಲು ಕಲಿಯಿತು. 2020ರ ಜೂನ್ ಹೊತ್ತಿಗೆ ಅದರ ಮೀಸಲು 50,000 ಕೋಟಿ ಡಾಲರನ್ನು ದಾಟಿತ್ತು.

ಹೀಗೆ 2020ರ ಮಾರ್ಚ್ 25ರಂದು ದೇಶವ್ಯಾಪಿ ಲಾಕ್‌ಡೌನ್ ಜಾರಿಗೆ ಬಂದಾಗ, ಹಿಂದಿನ ಕುಸಿತಗಳಲ್ಲಿ ಬರಿದಾಗುತ್ತಿದ್ದ ಎರಡು ಭಂಡಾರಗಳೂ ತುಂಬಿದ್ದವು. ಸರಕಾರದ ಉಗ್ರಾಣಗಳಲ್ಲಿ 5 ಕೋಟಿ ಟನ್‌ಗೂ ಮೀರಿ ಅಕ್ಕಿ, ಗೋಧಿ ಇತ್ತು. ಮಳೆಯೂ ಮುನಿಯಲಿಲ್ಲ. ಆ ವರ್ಷ ಬೇಸಾಯ ಶೇಕಡಾ 3ಕ್ಕೂ ಮೀರಿ ಬೆಳೆಯಿತು. ಆದರೂ ಏಪ್ರಿಲ್-ಜೂನ್ ಅವಧಿಯಲ್ಲಿ ಒಟ್ಟು ಉತ್ಪನ್ನ ಹಿಂದಿನ ವರ್ಷದ ಅದೇ ಅವಧಿಗಿಂತ ಸುಮಾರು ಶೇಕಡಾ 24ರಷ್ಟು ಕುಸಿಯಿತು. ಇಡೀ ವರ್ಷದ ಕುಸಿತ, ಪರಿಷ್ಕೃತ ಲೆಕ್ಕದಂತೆ, ಶೇಕಡಾ 5.8. ಹೊಲ ಹಸುರಾಗಿದ್ದಾಗ ಬಂದ ಬರ ಇದು. ನಿಂತುಹೋದುದು ಕೂಲಿ, ವ್ಯಾಪಾರ, ಹೋಟೆಲು, ಸಾರಿಗೆ, ಕಟ್ಟಡದ ಕೆಲಸ. ಅಂದರೆ ದಿನದ ದುಡಿಮೆಯನ್ನೇ ನಂಬಿದವರ ಬದುಕು.

ಹಿಂದೆ ಬರ ಬಂದಾಗ ಹಳ್ಳಿಯವನು ಪಟ್ಟಣಕ್ಕೆ ಹೋಗಿ ನಾಲ್ಕು ಕಾಸು ದುಡಿದು ಮನೆಗೆ ಕಳುಹುತ್ತಿದ್ದ. ಈ ಬಾರಿ ಪಟ್ಟಣವೇ ಬಾಗಿಲು ಮುಚ್ಚಿತು. ದುಡಿಯಲು ಹೋದವನು ನಡೆದುಕೊಂಡು ಹಳ್ಳಿಗೆ ಮರಳಿದ. ದೇಶದ ಒಟ್ಟು ದುಡಿಮೆಗಾರರಲ್ಲಿ ಬೇಸಾಯವನ್ನು ಅವಲಂಬಿಸಿದವರ ಪಾಲು 2018-19ರಲ್ಲಿ ಶೇಕಡಾ 42.5 ಇದ್ದುದು 2020-21ರಲ್ಲಿ ಶೇಕಡಾ 46.5ಕ್ಕೆ ಏರಿತು. ದಶಕಗಳಿಂದ ಇಳಿಯುತ್ತ ಬಂದಿದ್ದ ಪಾಲು ಹೀಗೆ ಮೇಲೇರಿದುದು ಹೊಲದಲ್ಲಿ ಕೆಲಸ ಹೆಚ್ಚಿದ್ದರಿಂದಲ್ಲ. ಇದ್ದ ಅನ್ನವನ್ನು ಹೆಚ್ಚು ಬಾಯಿಗಳು ಹಂಚಿಕೊಂಡುದರಿಂದ.

ಹಳೆಯ ಕವಚಗಳು ಆಗ ಕಾಪಾಡಿದವೇ? ನಿಸ್ಸಂದೇಹವಾಗಿ ಕಾಪಾಡಿದವು. ಸುಮಾರು 80 ಕೋಟಿ ಜನರಿಗೆ ತಲಾ ತಿಂಗಳಿಗೆ 5 ಕಿಲೋ ಧಾನ್ಯ ಉಚಿತವಾಗಿ ದೊರೆಯಿತು. ಉದ್ಯೋಗ ಖಾತರಿಗೆ ಮೊದಲು ಇರಿಸಿದ್ದ 61,500 ಕೋಟಿ ರೂಪಾಯಿ ಸಾಲದೆ ಇನ್ನೂ 40,000 ಕೋಟಿ ಸೇರಿಸಬೇಕಾಯಿತು. ಆ ವರ್ಷ 7.5 ಕೋಟಿ ಕುಟುಂಬಗಳು ಅದರಲ್ಲಿ ಕೆಲಸ ಮಾಡಿದವು. 1965-66ರ ಸ್ಥಿತಿಯಲ್ಲಿ ಇಂತಹ ಪೆಟ್ಟು ಬಿದ್ದಿದ್ದರೆ ಏನಾಗುತ್ತಿತ್ತೆಂದು ಊಹಿಸಲೂ ಅಂಜಿಕೆಯಾಗುತ್ತದೆ.

ಆದರೆ ಆ ಕವಚಗಳೆಲ್ಲವೂ ಹಳ್ಳಿಯ ಹಸಿವಿಗೂ ದೇಶದ ಖಜಾನೆಗೂ ಹೊಲಿದಂಥವು. ಪಟ್ಟಣದಲ್ಲಿ ಕೂಲಿ ಕಳೆದುಕೊಂಡವನಿಗೆ, ಬಾಡಿಗೆ ಮನೆಯಲ್ಲಿ ಸಾಲದ ಕಂತು ಕಟ್ಟುತ್ತಿದ್ದ ಮಧ್ಯಮ ವರ್ಗದವನಿಗೆ, ಗಲ್ಫಿನಿಂದ ಕೆಲಸ ಹೋಗಿ ಬಂದವನಿಗೆ ಅವು ಒಗ್ಗಲಿಲ್ಲ. 2020ರ ಮೇ ಮೊದಲ ವಾರದಲ್ಲಿ ನಮ್ಮ ರಾಜ್ಯದಲ್ಲಿಯೇ ನಡೆದುದನ್ನು ನೆನೆಯಿರಿ. ಕಟ್ಟಡ ನಿರ್ಮಾಪಕರೊಡನೆ ಸಭೆ ನಡೆದ ಬೆನ್ನಿಗೆ ವಲಸೆ ಕಾರ್ಮಿಕರ ರೈಲುಗಳನ್ನು ಸರಕಾರ ನಿಲ್ಲಿಸಿತು. ವ್ಯಾಪಕ ಟೀಕೆಯ ಬಳಿಕವೇ ಅವು ಮತ್ತೆ ಹೊರಟವು. ಊರಿಗೆ ಮರಳುವ ಹಕ್ಕೂ ಚೌಕಾಸಿಯ ವಸ್ತುವಾಯಿತು.

ಚಿನ್ನದ ಕಥೆಯೂ ಇದನ್ನೇ ಹೇಳುತ್ತದೆ. 1991ರಲ್ಲಿ ಚಿನ್ನ ಅಡವಿಟ್ಟುದು ದೇಶ. 2020ರಲ್ಲಿ ಅಡವಿಟ್ಟುದು ಮನೆಗಳು. ಆ ವರ್ಷದ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್, ಒಡವೆಯ ಬೆಲೆಯ ಶೇಕಡಾ 75ರ ಬದಲು 90ರವರೆಗೂ ಸಾಲ ಕೊಡಲು 2021ರ ಮಾರ್ಚ್ 31ರ ತನಕ ಬ್ಯಾಂಕುಗಳಿಗೆ ಅನುಮತಿಯಿತ್ತಿತು. ಮನೆಯೊಡತಿಯ ಬಳೆ, ಸರಗಳೇ ಅಂದಿನ ನಿರುದ್ಯೋಗ ಭತ್ಯೆಯಾದವು. ಇತ್ತ ವಿಶ್ವಬ್ಯಾಂಕಿನ ಲೆಕ್ಕದಲ್ಲಿ 2020ರಲ್ಲಿ ಭಾರತಕ್ಕೆ ಹೊರದೇಶಗಳಿಂದ ಬಂದ ಹಣ ಸುಮಾರು 8,300 ಕೋಟಿ ಡಾಲರ್. ಹಿಂದಿನ ವರ್ಷಕ್ಕಿಂತ ಶೇಕಡಾ 0.2ರಷ್ಟು ಮಾತ್ರ ಕಡಿಮೆ. ಆ ಅಂಕಿಯನ್ನಷ್ಟೇ ನೋಡಿದವನಿಗೆ ಬರಿಗೈಯಲ್ಲಿ ಬಂದಿಳಿದವನ ಮನೆ ಕಾಣಿಸದು.

ಚೇತರಿಕೆ ಬೇಗನೆ ಬಂದಿತೆಂದು ವಾದಿಸುವವರಿದ್ದಾರೆ. 2021-22ರಲ್ಲಿ ದೇಶದ ಒಟ್ಟು ಉತ್ಪನ್ನ 2019-20ರ ಮಟ್ಟವನ್ನು ದಾಟಿದುದು ನಿಜ. ಆದರೆ ಎರಡು ವರ್ಷ ಕೂಡಿಸಿದರೆ ಗಳಿಕೆ ಅಲ್ಪ. ಮಳೆಯಿಂದಾದ ಕುಸಿತವನ್ನು ಮುಂದಿನ ಒಳ್ಳೆಯ ಮಳೆಯೇ ಬಹುಮಟ್ಟಿಗೆ ತುಂಬಿಕೊಡುತ್ತಿತ್ತು. ಗದ್ದೆ ಅಲ್ಲಿಯೇ ಇರುತ್ತಿತ್ತು. ಮುಚ್ಚಿದ ಸಣ್ಣ ಅಂಗಡಿ, ಕರಗಿದ ಉಳಿತಾಯ, ಶಾಲೆ ಬಿಟ್ಟ ಮಗು ಹಾಗೆ ತಾವಾಗಿಯೇ ಚಿಗುರುವುದಿಲ್ಲ.

ಹಾಗಾದರೆ ಈ ಸಂಕಟದಿಂದ ಹುಟ್ಟಬೇಕಾದ ಕವಚ ಯಾವುದು? ಕೆಲವು ಹೆಜ್ಜೆಗಳು ಬಿದ್ದಿವೆ. ಯಾವ ರಾಜ್ಯದಲ್ಲಿದ್ದರೂ ಪಡಿತರ ಪಡೆಯುವ ವ್ಯವಸ್ಥೆ 2022ರ ಹೊತ್ತಿಗೆ ದೇಶದೆಲ್ಲೆಡೆ ವ್ಯಾಪಿಸಿತು. ಅಸಂಘಟಿತ ಕಾರ್ಮಿಕರ ಇ-ಶ್ರಮ್ ನೋಂದಣಿ 2021ರ ಆಗಸ್ಟ್‌ನಲ್ಲಿ ಆರಂಭವಾಯಿತು. ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿತು. ಇವು ಸ್ವಾಗತಾರ್ಹ. ಆದರೆ ಹೆಸರು ಬರೆಸಿಕೊಂಡ ಮಾತ್ರಕ್ಕೆ ಒಲೆ ಉರಿಯದು. ಕೂಲಿ ನಿಂತ ತಿಂಗಳು ಅಸಂಘಟಿತ ದುಡಿಮೆಗಾರನ ಕೈಗೆ ಹಕ್ಕಾಗಿ ಇಷ್ಟು ಹಣ ಸೇರುವುದೆಂಬ ಖಾತರಿ ಬರುವ ತನಕ ಆ ಕವಚ ಅಪೂರ್ಣ. ಅದನ್ನು ಒಳ್ಳೆಯ ಕಾಲದಲ್ಲಿಯೇ ಹೊಲಿಯಬೇಕು. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಸಲ್ಲದು.

ನಮ್ಮ ಕುಟುಂಬಗಳಿಗೂ ಇದರಲ್ಲಿ ಪಾಲಿದೆ. ವಿದೇಶದ ಸಂಬಳವನ್ನು ಮಳೆಯೆಂದೇ ಎಣಿಸಬೇಕು. ಒಂದು ವರ್ಷ ಸುರಿದುದು ಮರುವರ್ಷವೂ ಸುರಿದೀತೆಂಬ ಭರವಸೆಯಿಲ್ಲ. ದೊಡ್ಡ ಮನೆ ಕಟ್ಟುವ, ಅದ್ಧೂರಿ ಮದುವೆ ಮಾಡುವ ಮುನ್ನ ಆರು ತಿಂಗಳ ಖರ್ಚನ್ನಾದರೂ ಬೇರೆಯಾಗಿ ತೆಗೆದಿರಿಸುವುದು ಜಿಪುಣತನವಲ್ಲ. ಅಷ್ಟೇ ಮುಖ್ಯವಾದ ಇನ್ನೊಂದು ಮಾತಿದೆ. ನಮ್ಮ ಮನೆಗೆಲಸದಾಕೆಗೂ ತೋಟದ ಆಳಿಗೂ ಸರಕಾರ ನಾವೇ. 2020ರ ಆ ಮೂರು ತಿಂಗಳುಗಳಲ್ಲಿ ಅವರ ಸಂಬಳವನ್ನು ನಾವು ಕೊಟ್ಟೆವೋ, ತಡೆದೆವೋ? ಈ ಲೆಕ್ಕ ಯಾವ ಅಂಕಿಅಂಶದಲ್ಲಿಯೂ ಸಿಗುವುದಿಲ್ಲ. ಅದನ್ನು ಪ್ರತಿಯೊಂದು ಮನೆಯೂ ತನ್ನಷ್ಟಕ್ಕೆ ಕೇಳಿಕೊಂಡು, ಮುಂದಿನ ಸಂಕಟಕ್ಕೆ ಈಗಲೇ ಉತ್ತರ ಸಿದ್ಧಪಡಿಸಿಕೊಳ್ಳುವುದು ಒಳಿತು.