ಮರಳಿ ಮನೆಗೆ

ಮುಂಬಯಿ–ಚೆನ್ನೈ ಮಾರ್ಗದ ಯಾವುದೋ ಗಾಡಿಯಿಂದ ರಾಯಚೂರು ನಿಲ್ದಾಣದಲ್ಲಿಳಿದು, ತನ್ನ ಊರಾವುದು, ತನ್ನವರಾರು ಎಂಬುದನ್ನೇ ಮರೆತು ಅಲೆಯುವ ಮನುಷ್ಯನಿಗೆ ಅನ್ನವನ್ನಿಕ್ಕುವ ಕೈಗಳು ಗುಂಜಹಳ್ಳಿಯಂಥ ಸುತ್ತಣ ಹಳ್ಳಿಗಳಲ್ಲಿ ಇಂದಿಗೂ ಉಂಟು. ಆದರೆ ಅನ್ನವೊಂದರಿಂದಲೇ ಅವನ ಬಾಳು ಪುನಃ ನೆಲೆಗೊಳ್ಳದು.

ಕಾಸರಗೋಡು ಸೀಮೆಯ ಮಂಜೇಶ್ವರದಲ್ಲಿ ಜೋಸೆಫ್ ಕ್ರಾಸ್ತಾ ಅವರು ಸ್ಥಾಪಿಸಿದ ಸ್ನೇಹಾಲಯವು, ಇಂಥ ಬೀದಿಪಾಲಾದ ಮನೋರೋಗಿಗಳನ್ನು ಕರೆತಂದು, ಮೊದಲು ಸ್ನಾನ, ಕ್ಷೌರ, ಶುಭ್ರವಸ್ತ್ರಗಳನ್ನೂ ಬಳಿಕ ದೀರ್ಘಕಾಲದ ಔಷಧೋಪಚಾರವನ್ನೂ ಒದಗಿಸಿ, ಸ್ಮೃತಿಯು ಮರಳುವವರೆಗೆ ಸಹನೆಯಿಂದ ಕಾದು, ಊರಿನ ಹೆಸರು ತಿಳಿದೊಡನೆ ವಿಳಾಸವನ್ನು ಅರಸಿ, ಅವರನ್ನು ಕುಟುಂಬಕ್ಕೆ ಒಪ್ಪಿಸುತ್ತದೆ. 2018ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಗೆ ಪಾತ್ರರಾದ ಡಾ. ಭರತ್ ವಟವಾನಿಯವರು ಮಹಾರಾಷ್ಟ್ರದ ಕರ್ಜತ್‌ನಲ್ಲಿ ನಡೆಸುತ್ತಿರುವ ಕಾರ್ಯವೂ ಇದೇ ಬಗೆಯದು. ಒಪ್ಪಿಸಿದ ಮೇಲೂ ಮಾತ್ರೆ ತಪ್ಪದಂತೆ ನೋಡಿಕೊಳ್ಳಬೇಕು. ನನ್ನ ಎಣಿಕೆಯಲ್ಲಿ ಅತ್ಯಂತ ಕಠಿನವಾದ ಭಾಗವಿದೇ, ಏಕೆಂದರೆ ಔಷಧ ನಿಂತೊಡನೆ ರೋಗವು ಮರುಕಳಿಸಿ, ಮನುಷ್ಯನು ಮತ್ತೆ ಬೀದಿಗೆ ಬೀಳುವ ಭಯವುಂಟು.

ಇಂಥ ಆರೈಕೆ ನಮ್ಮಲ್ಲಿಯೂ ದೊರೆಯಬೇಕಾದರೆ, 1975ರ ಭಿಕ್ಷಾಟನೆ ನಿಷೇಧ ಕಾಯಿದೆಯನ್ವಯ ಆಸ್ತಿ ತೆರಿಗೆಯೊಡನೆ ಶೇಕಡಾ 3ರ ಭಿಕ್ಷುಕರ ಕರವನ್ನು ತೆರುತ್ತಿರುವ ನಾವು, ಅದರ ಒಂದಂಶವು ರಾಯಚೂರು, ಮಾನ್ವಿ, ದೇವದುರ್ಗಗಳಲ್ಲಿಯೇ ಮನೋವೈದ್ಯರ ನೇಮಕಕ್ಕೂ ಕುಟುಂಬಗಳ ಶೋಧನೆಗೂ ಔಷಧದ ನಿರಂತರ ಪೂರೈಕೆಗೂ ವಿನಿಯೋಗವಾಗಬೇಕೆಂದು ಸರಕಾರವನ್ನೂ ಸ್ಥಳೀಯ ಸಂಸ್ಥೆಗಳನ್ನೂ ಒತ್ತಾಯಿಸಬೇಕು.