ನೋವಿಗೂ ಒಂದು ಲೆಕ್ಕವುಂಟು

ಗಾಜನೂರಿನಲ್ಲಿ ತುಂಗೆಗೆ ಕಟ್ಟಿದ ಅಣೆಕಟ್ಟೆಯನ್ನು ಕಾಣದವರು ಶಿವಮೊಗ್ಗದ ಸೀಮೆಯಲ್ಲಿ ವಿರಳ. ಶೃಂಗೇರಿಯ ಕಡೆ ಮಳೆ ಹಿಡಿಯಿತೆಂದರೆ ಇಲ್ಲಿ ಬಾಗಿಲುಗಳು ಮೇಲೇಳುತ್ತವೆ. ಮಳೆ ತಗ್ಗಿದರೆ ಇಳಿಯುತ್ತವೆ. ಕೆಳಗಣ ಹೊಳೆಯಲ್ಲಿ ಎಷ್ಟು ನೀರೆಂಬುದು ಮೇಲೆ ಬಿದ್ದ ಮಳೆಯೊಂದರಿಂದಲೇ ತೀರ್ಮಾನವಾಗುವುದಿಲ್ಲ. ನೋವಿನ ಸಂಗತಿಯೂ ಹೀಗೆಯೇ. ಬೆನ್ನುಹುರಿಯಲ್ಲಿ ನೋವಿನ ಸುದ್ದಿಯನ್ನು ತಡೆಯುವ ಇಲ್ಲವೆ ಬಿಡುವ ಒಂದು ‘ಬಾಗಿಲು’ ಇದೆಯೆಂದು 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ಪ್ರತಿಪಾದಿಸಿದರು. ಆ ಸಿದ್ಧಾಂತದ ವಿವರಗಳು ಮುಂದೆ ತಿದ್ದುಪಡಿಯಾದುವು. ಗಾಯದ ಗಾತ್ರವೇ ನೋವಿನ ಗಾತ್ರವಲ್ಲವೆಂಬ ತಿರುಳು ಮಾತ್ರ ಉಳಿದಿದೆ.

ಹಾಗಾದರೆ, ಬಾಗಿಲು ಕಾಯುವ ನರಮಂಡಲವೇ ಕೆಟ್ಟರೆ ಗತಿಯೇನು? ಪಾರ್ಶ್ವವಾಯು ಬಡಿದ ಹಿರಿಯರೊಬ್ಬರು ಆಸ್ಪತ್ರೆಯಿಂದ ಮನೆಗೆ ಬಂದು ಒಂದೆರಡು ತಿಂಗಳಾದ ಮೇಲೆ, “ಕೈ ಉರಿಯುತ್ತದೆ, ತಣ್ಣೀರು ತಾಗಿದರೂ ಬೆಂಕಿ ಸೋಕಿದಂತಾಗುತ್ತದೆ” ಎನ್ನುವುದುಂಟು. ಮನೆಯವರು ನೋಡಿದರೆ ಗಾಯವಿಲ್ಲ, ಬಾವಿಲ್ಲ. “ಸ್ವಾಧೀನವೇ ಇಲ್ಲದ ಕೈಗೆ ನೋವೆಲ್ಲಿಯದು? ಅಂಗಸಾಧನೆ ತಪ್ಪಿಸಲು ಇದೊಂದು ನೆಪ” ಎಂದುಬಿಡುತ್ತಾರೆ. ಇದು ನೆಪವಲ್ಲ. ಮಿದುಳಿನ ಥಾಲಮಸ್ ಎಂಬ ಭಾಗಕ್ಕೆ ಪೆಟ್ಟಾದಾಗ ಹುಟ್ಟುವ ಇಂಥ ನೋವನ್ನು ಫ್ರಾನ್ಸಿನ ವೈದ್ಯರಾದ ಡೆಜೆರಿನ್ ಮತ್ತು ರೂಸಿ 1906ರಲ್ಲಿಯೇ ವರ್ಣಿಸಿದ್ದರು. ನಂಬಿಕೆ ದೊರೆಯದ ರೋಗಿ ಹೇಳುವುದನ್ನೇ ನಿಲ್ಲಿಸುತ್ತಾನೆ. ನಿದ್ರೆ ಕೆಡುತ್ತದೆ, ಮನಸ್ಸು ಕುಗ್ಗುತ್ತದೆ, ಚೇತರಿಸಿಕೊಳ್ಳಬಹುದಾಗಿದ್ದ ಕೈಕಾಲು ಹಾಸಿಗೆಯಲ್ಲೇ ಬಿಗಿದುಕೊಳ್ಳುತ್ತದೆ.

ಆದುದರಿಂದ ಮೊದಲು ಮಾಡತಕ್ಕದ್ದು ನೋವನ್ನು ಅಳೆಯುವುದು. ಸೊನ್ನೆಯೆಂದರೆ ನೋವಿಲ್ಲ, ಹತ್ತೆಂದರೆ ಊಹಿಸಬಹುದಾದ ಪರಮಾವಧಿ. ಇಂದು ಎಷ್ಟು ಎಂದು ಕೇಳಿರಿ. ಎಲ್ಲಿ, ಯಾವ ಹೊತ್ತಿನಲ್ಲಿ, ಉರಿಯೋ ಸೆಳೆತವೋ, ಏನು ಮಾಡಿದರೆ ಹೆಚ್ಚುವುದು ಎಂಬುದನ್ನೂ ವಿಚಾರಿಸಿರಿ. ಮಾತು ಬಿದ್ದುಹೋದವರಿಗೆ ನಗುಮುಖದಿಂದ ಅಳುಮುಖದವರೆಗಿನ ಚಿತ್ರಗಳನ್ನು ತೋರಿಸಬಹುದು. ಅದೂ ಆಗದಿದ್ದರೆ, ಬಟ್ಟೆ ತೊಡಿಸುವಾಗ, ಮಗ್ಗುಲು ಬದಲಿಸುವಾಗ ಹುಬ್ಬು ಗಂಟಿಕ್ಕುವರೇ, ನರಳುವರೇ ಎಂದು ನೋಡಬೇಕು. ನೋವಿನ ಅಧ್ಯಯನಕ್ಕೆಂದೇ ಇರುವ ಅಂತರರಾಷ್ಟ್ರೀಯ ಸಂಘವು 2020ರಲ್ಲಿ ನೋವಿನ ವ್ಯಾಖ್ಯೆಯನ್ನು ಪರಿಷ್ಕರಿಸಿದಾಗ, ಹೇಳಲಾರದ ಮಾತ್ರಕ್ಕೆ ನೋವಿಲ್ಲವೆಂದು ಎಣಿಸಕೂಡದೆಂದು ಸ್ಪಷ್ಟಪಡಿಸಿದೆ.

ಎಲ್ಲ ನೋವಿನ ಮೂಲವೂ ಒಂದೇ ಅಲ್ಲ. ಬಿದ್ದ ಕೈಯ ಭುಜದ ನೋವು ಬಹು ಸಾಮಾನ್ಯ. ಸಡಿಲವಾದ ಕೀಲು ಜೋತುಬಿದ್ದಿರುವುದರಿಂದ ಆ ಕೈಯನ್ನು ಹಿಡಿದೆಳೆದು ರೋಗಿಯನ್ನು ಎಬ್ಬಿಸಲೇಬಾರದು. ಕುಳಿತಾಗ ತೋಳಿನ ಕೆಳಗೆ ದಿಂಬು ಕೊಡಿರಿ. ಸ್ನಾಯುಗಳ ಬಿಗಿತದ ನೋವಿಗೆ ಕ್ರಮವಾದ ಅಂಗಸಾಧನೆ, ಅಗತ್ಯವಿದ್ದರೆ ಔಷಧ ಅಥವಾ ಚುಚ್ಚುಮದ್ದು ಉಂಟು. ನರದ ಉರಿನೋವಿಗೆ ಜ್ವರ ತಲೆನೋವುಗಳ ಮಾತ್ರೆ ಸಾಮಾನ್ಯವಾಗಿ ನಾಟುವುದಿಲ್ಲ. ಅಮಿಟ್ರಿಪ್ಟಿಲಿನ್, ಗಾಬಾಪೆಂಟಿನ್ ಮೊದಲಾದುವನ್ನು ವೈದ್ಯರು ಅಲ್ಪ ಪ್ರಮಾಣದಲ್ಲಿ ಆರಂಭಿಸಿ ಮೆಲ್ಲಗೆ ಏರಿಸುತ್ತಾರೆ. ಗುಣ ಕಾಣಲು ಕೆಲವು ವಾರಗಳೇ ಬೇಕಾಗಬಹುದು. ಇವುಗಳಿಂದ ಮಂಪರು ಬಂದು ವೃದ್ಧರು ಬೀಳುವ ಭಯವಿರುವುದರಿಂದ, ತಾವಾಗಿ ಕೊಂಡು ನುಂಗುವುದೂ ಸಲ್ಲದು, ತಟ್ಟನೆ ನಿಲ್ಲಿಸುವುದೂ ಸಲ್ಲದು.

ಮಲೆನಾಡಿನ ಮನೆಗಳಿಗೆ ಇನ್ನೊಂದು ಎಚ್ಚರಿಕೆ. ಸ್ಪರ್ಶಜ್ಞಾನ ಕುಂದಿದ ಕೈಗೆ ಹಂಡೆಯ ಬಿಸಿನೀರು, ಕಾಸಿದ ಎಣ್ಣೆ, ಮರಳಿನ ಶಾಖ ಇವು ಸುಟ್ಟರೂ ತಿಳಿಯುವುದಿಲ್ಲ. ಬೊಬ್ಬೆ ಎದ್ದ ಮೇಲೆಯೇ ಗೊತ್ತಾಗುವುದು. ಕೈಕಾಲು ಇದ್ದಕ್ಕಿದ್ದಂತೆ ಊದಿ ಕೆಂಪಾದರೆ, ಇಲ್ಲವೆ ಜ್ವರ ಕೂಡಿಕೊಂಡರೆ, ಮನೆಮದ್ದಿಗಾಗಿ ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಗಾಜನೂರಿಗೆ ಶಿವಮೊಗ್ಗ ದೂರವಲ್ಲ. ಅಲ್ಲಿಯ ಮೆಗ್ಗಾನ್ ಆಸ್ಪತ್ರೆ ಸರಕಾರಿ ವೈದ್ಯಕೀಯ ಕಾಲೇಜಿಗೆ ಸೇರಿದ್ದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕೆಂದೇ ಒಂದು ವಿಭಾಗವುಂಟು. ನೋವು ಪೂರ್ತಿ ಸೊನ್ನೆಗಿಳಿಯುವುದೆಂಬ ಭರವಸೆಯನ್ನು ಯಾರೂ ಕೊಡಲಾರರು. ಎಂಟಿದ್ದುದು ನಾಲ್ಕಕ್ಕೆ ಬಂದು, ರೋಗಿ ರಾತ್ರಿ ನಿದ್ರಿಸಿ, ಬೆಳಿಗ್ಗೆ ತನ್ನ ಕೈಯಾರೆ ತುತ್ತೆತ್ತಿಕೊಂಡರೆ ಅದೇನು ಅಲ್ಪ ಲಾಭವೇ? ಗೋಡೆಯ ಕ್ಯಾಲೆಂಡರಿನಲ್ಲಿ ದಿನದ ಮನೆಯೊಳಗೆ ಆ ದಿನದ ನೋವಿನ ಅಂಕೆಯನ್ನು ಬರೆದಿಡಿರಿ. ವೈದ್ಯರನ್ನು ಕಾಣಹೋಗುವಾಗ ಆ ಹಾಳೆಯನ್ನೂ ಕೊಂಡೊಯ್ಯಿರಿ.