ಆಸ್ಪತ್ರೆಯ ಬಾಗಿಲಾಚೆಗೂ ಆಸರೆ

ನೆಲಮಂಗಲದ ಹೆದ್ದಾರಿಯಂಚಿನಲ್ಲಿ, ಹೊಸಕೋಟೆ, ದೊಡ್ಡಬಳ್ಳಾಪುರಗಳ ಬಸ್ ನಿಲ್ದಾಣಗಳಲ್ಲಿ ಹರಕು ಬಟ್ಟೆ ತೊಟ್ಟು ತಮ್ಮಷ್ಟಕ್ಕೆ ಮಾತನಾಡಿಕೊಳ್ಳುವವರನ್ನು ನಾವೆಲ್ಲ ಕಂಡಿದ್ದೇವೆ. ಅನ್ನವನ್ನೋ ಹೊದಿಕೆಯನ್ನೋ ನೀಡುವ ಕೈಗಳಿಗೆ ಕೊರತೆಯಿಲ್ಲ. ಆದರೆ ಮಾನಸಿಕ ಕಾಯಿಲೆಗೆ ಒಂದು ದಿನದ ಕರುಣೆ ಸಾಲದು.

2017ರ ಮಾನಸಿಕ ಆರೋಗ್ಯ ಕಾಯಿದೆಯಂತೆ, ಹೀಗೆ ಅಲೆಯುವವರನ್ನು ರಕ್ಷಣೆಗೆ ತೆಗೆದುಕೊಂಡ ಪೊಲೀಸರು 24 ಗಂಟೆಗಳೊಳಗೆ ಸರಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು, ಲಾಕಪ್ಪಿನಲ್ಲಿ ಇಡುವಂತಿಲ್ಲ. ನಿರ್ಗತಿಕರಿಗೆ ಚಿಕಿತ್ಸೆ ಉಚಿತ. ದೊಡ್ಡ ನಗರಕ್ಕೇ ಹೋಗಬೇಕೆಂದಿಲ್ಲ, ಊರಿನ ಸಮೀಪದಲ್ಲಿಯೇ ಚಿಕಿತ್ಸೆ ಸಾಧ್ಯವೆಂಬುದನ್ನು ನಿಮ್ಹಾನ್ಸ್ ಸಂಸ್ಥೆ 1985ರಷ್ಟು ಹಿಂದೆಯೇ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿಕೊಟ್ಟಿತು.

ಕಷ್ಟವಿರುವುದು ಆನಂತರ. ಔಷಧಿಯನ್ನು ತಿಂಗಳುಗಟ್ಟಲೆ, ಎಷ್ಟೋ ಸಲ ವರ್ಷಗಟ್ಟಲೆ ಸೇವಿಸಬೇಕು. ಮನೆಯಿಲ್ಲದವನು ಔಷಧಿಯ ಚೀಟಿಯನ್ನು ಎಲ್ಲಿ ಜೋಪಾನ ಮಾಡಿಯಾನು? ಮುಂದಿನ ತಾರೀಖನ್ನು ಯಾರು ನೆನಪಿಸಿಯಾರು? ಔಷಧಿ ತಪ್ಪಿದರೆ ಕಾಯಿಲೆ ಮರುಕಳಿಸುತ್ತದೆ. ಮತ್ತೆ ಅದೇ ಬೀದಿ.

ಸಮಾಧಿಗಳ ನಡುವೆ ಅಲೆಯುತ್ತಿದ್ದವನನ್ನು ಊರವರು ಸರಪಳಿಯಿಂದ ಬಿಗಿದಿದ್ದರು. ಯೇಸುಸ್ವಾಮಿಯಾದರೋ ಅವನನ್ನು ಸ್ವಸ್ಥಗೊಳಿಸಿ ಮನೆಯವರ ಬಳಿಗೆ ಕಳುಹಿಸಿದರು. ಈ ಪ್ರಸಂಗವನ್ನು ನೆನೆಯುವುದು ಕಾಯಿಲೆಯನ್ನು ದೆವ್ವವೆಂದು ಕರೆಯಲಿಕ್ಕಲ್ಲ; ಗುಣಹೊಂದಿದವನಿಗೆ ತನ್ನವರೆಂಬವರು ಬೇಕು ಎಂಬುದನ್ನು ಅರಿಯಲಿಕ್ಕೆ.

ಪ್ರತಿಯೊಂದು ಧರ್ಮಕೇಂದ್ರವೂ ಇಂತಹ ಒಬ್ಬರ ಹೊಣೆ ಹೊರಲಿ. ಸಂತ ವಿನ್ಸೆಂಟ್ ದೆ ಪೌಲ್ ಸಭೆಯ ಸದಸ್ಯರೊಬ್ಬರು ಆ ಚೀಟಿಯನ್ನು ಕಾಪಾಡಲಿ. ಪ್ರತಿ ಸಲವೂ ಅದೇ ವ್ಯಕ್ತಿ ಜೊತೆಗೆ ಹೋಗಲಿ. ಬಲವಂತ ಬೇಡ, ಬೈಗುಳ ಬೇಡ. ಅವರು ಒಮ್ಮೆ ಬಾರದಿದ್ದರೆ ಹುಡುಕಿಕೊಂಡು ಹೋಗೋಣ. ಕಳೆದುಹೋದ ಕುರಿಯನ್ನು ಹುಡುಕಿದ ಕುರುಬನ ಮಂದೆಯವರಲ್ಲವೇ ನಾವು?